ಒಂಬತ್ತು ದಿನ ಏಳದ ಕಂಪ್ಯೂಟರನ್ನು ಎಬ್ಬಿಸಿದವರಿಗೆ

ಮೊನ್ನೆ ಭಾನುವಾರ ಸಂಜೆ ದಾವಣಗೆರೆಯ ನಮ್ಮ ನಿಟುವಳ್ಳಿ ಮನೆಯ ನಡುಮನೆಯಲ್ಲಿ ಒಂದು ಕಂಪ್ಯೂಟರ್ ಕಣ್ಣು ಬಿಟ್ಟಿತು. ನಾನೇ ಕೂಡಿಸಿದ್ದು. ಸ್ಕ್ರೂ ಬಿಗಿದ ದಿನದಿಂದ ಲೆಕ್ಕ ಹಾಕಿದರೆ ಒಂಬತ್ತನೇ ದಿನ. ಈ ಒಂಬತ್ತು ದಿನದಲ್ಲಿ ಯಾರ‍್ಯಾರ ಬಾಗಿಲು ತಟ್ಟಿದೆನೋ ಅವರಿಗೆಲ್ಲ ಬಾಯಲ್ಲಿ ಥ್ಯಾಂಕ್ಸ್ ಹೇಳಿ ಆಗಿದೆ. ಆದರೂ ಬರೆದುಬಿಡೋಣ ಅನಿಸಿತು. ಯಾಕಂದ್ರೆ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ನಾನು ಮನೆಯಲ್ಲೇ ಡಿಟಿಪಿ ಮಾಡುವವಳು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಕಾರ್ಡು, ಏನು ಬಂದರೂ ಸರಿ. ಹನ್ನೊಂದು ವರ್ಷ ದುಡಿದ ಹಳೇ ಕಂಪ್ಯೂಟರ್ ಸರಿಯಾಗಿ ಮದುವೆ ಸೀಸನ್‌ನಲ್ಲೇ ಕೈಕೊಟ್ಟಿತು. ಹೊಸದು ತಗೊಳ್ಳೋಣ ಅಂತ ಹೋದವಳು ರೇಟು ಕೇಳಿ ವಾಪಸ್ ಬಂದೆ. ಬೆಂಗಳೂರಲ್ಲಿರುವ ಅಕ್ಕನ ಮಗ, "ಚಿಕ್ಕಮ್ಮ, ಬಿಡಿ ಸಾಮಾನು ತಗೊಂಡು ನೀವೇ ಕೂಡಿಸಿ. ಮಿಕ್ಸಿ ಜಾರ್ ಕೂರಿಸಿದಷ್ಟೇ ಸುಲಭ" ಅಂದ. ಅವನಿಗೂ ಥ್ಯಾಂಕ್ಸ್ ಇದೆ. ಆ ಮಿಕ್ಸಿ ಮಾತಿಗಲ್ಲ.

ಶನಿವಾರ ರಾತ್ರಿ ಎಲ್ಲ ಕೂಡಿಸಿ, ಊದುಬತ್ತಿ ಹಚ್ಚಿ, ಬಟನ್ ಒತ್ತಿದೆ. ಫ್ಯಾನ್ ತಿರುಗಲಿಲ್ಲ, ಲೈಟ್ ಬರಲಿಲ್ಲ, ಒಂದು ಸದ್ದೂ ಇಲ್ಲ. ಅತ್ತೆ "ಕರೆಂಟ್ ಹೋಯ್ತೇನೋ" ಅಂತ ಮೇಲಿನ ಫ್ಯಾನ್ ನೋಡಿದರು. ಅದು ಆರಾಮಾಗಿ ತಿರುಗುತ್ತಿತ್ತು.

ಮೊದಲ ಋಣ ಹಳೇ ಪಿ.ಬಿ. ರಸ್ತೆ ಕಡೆಯ ಮೋಟರ್ ವೈಂಡಿಂಗ್ ಅಣ್ಣನದು. ಭಾನುವಾರ ಅಂಗಡಿ ರಜೆ. ನನಗೋಸ್ಕರ ಅರ್ಧ ಶಟರ್ ಎತ್ತಿದರು. "ಕಂಪ್ಯೂಟರ್ ನನಗೆ ಗೊತ್ತಿಲ್ಲ, ಕರೆಂಟ್ ಗೊತ್ತೈತಿ" ಅಂದವರು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ) ಒಂದನ್ನೇ ಬಿಚ್ಚಿ ಮೇಜಿನ ಮೇಲಿಟ್ಟರು. ಅದನ್ನು ಒಂಟಿಯಾಗಿ ಆನ್ ಮಾಡಬೇಕಾದರೆ 24 ಪಿನ್ನಿನ ದೊಡ್ಡ ಕನೆಕ್ಟರ್‌ನ ಹಸಿರು ವೈರನ್ನೂ ಒಂದು ಕಪ್ಪು ವೈರನ್ನೂ ಕೂಡಿಸಬೇಕು. ನಮ್ಮದರಲ್ಲಿ ಎಲ್ಲ ವೈರೂ ಕಪ್ಪೇ! ಫೋನಿನಲ್ಲಿ ಚಿತ್ರ ತೆಗೆದು, ಹಸಿರು ವೈರ್ ಇರಬೇಕಾದ 16ನೇ ಪಿನ್ ಎಣಿಸಿದೆವು. ಅದರ ಅಕ್ಕಪಕ್ಕದ ಎರಡೂ ಗ್ರೌಂಡ್, ಅಂದರೆ ಕಪ್ಪು ವೈರಿನ ಜಾಗ. ತಂತಿ ಚೂರು ಸಿಕ್ಕಿಸಿ ಸ್ವಿಚ್ ಹಾಕಿದ ತಕ್ಷಣ ಅದರ ಫ್ಯಾನ್ ಗಿರ್ ಅಂತ ತಿರುಗಿತು. ಮೀಟರ್ ಇಟ್ಟು 12 ವೋಲ್ಟ್, 5 ವೋಲ್ಟ್ ಎರಡನ್ನೂ ನೋಡಿದರು. "ಇದು ಗಟ್ಟಿ ಐತಿ. ಬೇರೆ ಕಡೆ ನೋಡವ್ವ." ದುಡ್ಡು ಮುಟ್ಟಲಿಲ್ಲ.

ಆ ಬೇರೆ ಕಡೆ ಯಾವುದು ಅಂತ ಅಕ್ಕನ ಮಗ ವಿಡಿಯೋ ಕಾಲ್‌ನಲ್ಲಿ ಹಿಡಿದ. ಕ್ಯಾಬಿನೆಟ್ಟಿನ ಸ್ವಿಚ್ ವೈರ್ ಕಿತ್ತು, ಮದರ್‌ಬೋರ್ಡಿನಲ್ಲಿ ಅದು ಕೂರಬೇಕಾದ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಲು ಹೇಳಿದ. ಮುಟ್ಟಿಸಿದೆ, ಎಲ್ಲ ಫ್ಯಾನೂ ತಿರುಗಿದವು! ಅಂದರೆ ನಾನು ಸ್ವಿಚ್ ವೈರನ್ನು ಒಂದು ಪಿನ್ ಆಚೆಗೆ ಚುಚ್ಚಿದ್ದೆ. ಆ ಬೋರ್ಡಿನ ಮೇಲೆ ಬರೆದ ಅಕ್ಷರ ಇರುವೆಗಿಂತ ಸಣ್ಣವು. ದಿನವಿಡೀ ಫಾಂಟ್ ಸೈಜ್ ಜೊತೆ ಬದುಕುವವಳು ನಾನು, ಹೇಳ್ತೀನಿ, ಅದು ನಾಲ್ಕು ಪಾಯಿಂಟೂ ಇಲ್ಲ.

ಫ್ಯಾನ್ ತಿರುಗಿತು, ಸ್ಕ್ರೀನ್ ಮಾತ್ರ ಕಪ್ಪು. ನಮ್ಮ ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ದೀಪ ಇವೆ: ಸಿಪಿಯು, ರ‍್ಯಾಮ್, ಡಿಸ್‌ಪ್ಲೇ, ಬೂಟ್. ಎಲ್ಲಿ ತೊಡಕೋ ಆ ದೀಪ ಉರಿದುಕೊಂಡೇ ಇರುತ್ತದೆ. ಉರಿದದ್ದು ಸಿಪಿಯು, ಅಂದರೆ ಪ್ರೊಸೆಸರಿನ ದೀಪ. ಅಕ್ಕನ ಮಗ ಒಂದು ಮಾತು ಹೇಳಿದ್ದ: "ಒಂದು ಸಲಕ್ಕೆ ಒಂದೇ ಬದಲಾಯಿಸಿ, ಆದದ್ದನ್ನು ಬರೆದಿಡಿ." ಮೇಲಿನ ಥ್ಯಾಂಕ್ಸ್ ಈ ಮಾತಿಗೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನಿಂದ ಬರೆಯುತ್ತಾ ಹೋದೆ. ಒಂದೇ ರ‍್ಯಾಮ್ ಹಾಕಿದೆ, ಆಮೇಲೆ ಇನ್ನೊಂದು, ಟಕ್ ಅನ್ನುವ ತನಕ ಒತ್ತಿ. ಬಟನ್ ಸೆಲ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದೆ. ಸಿಪಿಯುಗೆ ಹೋಗುವ ಎಂಟು ಪಿನ್ನಿನ ವೈರ್ ಕಿತ್ತು ಮತ್ತೆ ಚುಚ್ಚಿದೆ. ಬೋರ್ಡನ್ನೇ ಹೊರಗೆ ತೆಗೆದು ರಟ್ಟಿನ ಡಬ್ಬದ ಮೇಲೆ ಇಟ್ಟೂ ನೋಡಿದೆ. ಪುಸ್ತಕದ ತುಂಬ "ಇಲ್ಲ", "ಇಲ್ಲ", "ಇಲ್ಲ".

ಬುಧವಾರ ನಾನೇ ಹೊಸ ರೋಗ ತಂದುಕೊಂಡೆ. ಪ್ರೊಸೆಸರ್ ಸರಿಯಾಗಿ ಕೂತಿದೆಯಾ ನೋಡೋಣ ಅಂತ ಕೂಲರ್ ಎಳೆದೆ. ಎರಡರ ನಡುವೆ ಹಚ್ಚುವ ಪೇಸ್ಟ್ ಅಂಟಿಕೊಂಡಿತ್ತು. ಲಾಕ್ ಹಾಕಿದ್ದ ಹಾಗೇ ಪ್ರೊಸೆಸರ್ ಕೂಲರ್ ಜೊತೆ ಕಿತ್ತು ಬಂತು. ಸ್ವಲ್ಪ ಬೆಚ್ಚಗೆ ಮಾಡಿ, ಮೆಲ್ಲಗೆ ಆಚೀಚೆ ತಿರುಗಿಸಿ ತೆಗೆಯಬೇಕಂತೆ. ಗೊತ್ತಾಗಿದ್ದು ಆಮೇಲೆ. ಎಎಂ4 ಸಾಕೆಟ್ಟಿನ ಪ್ರೊಸೆಸರ್‌ಗೆ ಹೊಟ್ಟೆಯ ಕೆಳಗೆ 1331 ಪಿನ್. ನನ್ನದರಲ್ಲಿ ಒಂದು ಮೂಲೆಯ ಆರು ಮಲಗಿದ್ದವು. ಅಂಗಡಿಯವರಿಗೆ ಫೋನ್ ಮಾಡಿದರೆ, ಪಿನ್ ಬಗ್ಗಿದರೆ ವಾರಂಟಿ ಇಲ್ಲ ಅಂದರು. ಆ ರಾತ್ರಿ ಊಟ ಸೇರಲಿಲ್ಲ.

ಗಡಿಯಾರ ರಿಪೇರಿಯವರ ಹತ್ತಿರ ಹೋಗು ಅಂದಿದ್ದು ಅತ್ತೆ. ನಾನು ನಕ್ಕೆ. ಬೆಳಿಗ್ಗೆ ನಗು ಬಿಟ್ಟು ಮಂಡಿಪೇಟೆಗೆ ಹೋದೆ.

ಅವರದ್ದು ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಅಂಗಡಿ. ಪ್ರೊಸೆಸರನ್ನು ಅಂಗಾತ ಒಂದು ಬಟ್ಟೆಯ ಮೇಲೆ ಇಟ್ಟರು. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡರು. ಫ್ಯಾನ್ ಆಫ್ ಮಾಡಿಸಿದರು. ಆ ಬಿಸಿಲಿನಲ್ಲಿ! ಸಣ್ಣ ಚಿಮಟದಿಂದ ಒಂದು ಪಿನ್ನಿನ ಬುಡ ಹಿಡಿದು, ಕೂದಲೆಳೆಯಷ್ಟು ಎತ್ತಿ ಬಿಟ್ಟರು. ಪಕ್ಕದ ಸಾಲಿಗೆ ಕಣ್ಣಿಟ್ಟು ನೋಡಿದರು. ಮತ್ತೆ ಅಷ್ಟೇ ಎತ್ತಿದರು. ಒಂದೇ ಏಟಿಗೆ ನೆಟ್ಟಗೆ ಮಾಡಿದರೆ ಮುರಿಯುತ್ತೆ ಅಂತ ಅವರೇ ಹೇಳಿದರು. ನಾಲ್ಕು ಪಿನ್ ಆದ ಮೇಲೆ "ಇದಕ್ಕೆಷ್ಟವ್ವ?" ಅಂದರು. ಹತ್ತು ಸಾವಿರದ ಮೇಲೆ ಅಂದೆ. ಚಿಮಟ ಕೆಳಗಿಟ್ಟು, ಲೆನ್ಸ್ ತೆಗೆದು, ನನ್ನ ಮುಖ ನೋಡಿದರು. "ಮೊದ್ಲೇ ಹೇಳಬಾರದಿತ್ತಾ? ಕೈ ನಡಗತೈತಿ ಈಗ." ಇಬ್ಬರೂ ಚಹಾ ಕುಡಿದೆವು. ಉಳಿದ ಎರಡು ಪಿನ್ ಚಹಾ ಆದ ಮೇಲೆ.

ಮನೆಗೆ ಬಂದು ಕೂರಿಸಿದರೆ ಪ್ರೊಸೆಸರ್ ತಾನಾಗಿ ಸಾಕೆಟ್ಟಿಗೆ ಇಳಿಯಿತು. ಆದರೆ ಸಿಪಿಯು ದೀಪ ಅಲ್ಲೇ ಉರಿಯುತ್ತಿತ್ತು. ಅಳು ಬಂತು, ಸುಳ್ಳು ಯಾಕೆ.

ನಿಜವಾದ ಕಾರಣ ಹೇಳಿದ್ದು ನಮ್ಮ ಬೀದಿಯ ಹೂವಿನ ಅಕ್ಕನ ಮಗಳು. ಬಿ.ಇ. ಎರಡನೇ ವರ್ಷ. ಅವಳು ಬೋರ್ಡ್ ಮುಟ್ಟಲೇ ಇಲ್ಲ, ಖಾಲಿ ಡಬ್ಬ ಎರಡನ್ನು ತಿರುಗಿಸಿ ನೋಡಿದಳು. "ಆಂಟಿ, ಈ ಬಿ450 ಬೋರ್ಡು 2018ರ ಪೀಳಿಗೆ. ನಿಮ್ಮ ಪ್ರೊಸೆಸರ್ ರೈಜನ್ 5600ಜಿ ಬಂದಿದ್ದು 2021ರಲ್ಲಿ. ಅಂಗಡಿಯಲ್ಲಿ ಹಳೇ ಸ್ಟಾಕ್ ಬೋರ್ಡ್ ಕೊಟ್ಟಿದ್ದಾರೆ. ಅದಕ್ಕೆ ಇದರ ಪರಿಚಯವೇ ಇಲ್ಲ." ಪರಿಚಯ ಮಾಡಿಸಬೇಕು ಅಂದರೆ ಬಯಾಸ್, ಅಂದರೆ ಬೋರ್ಡನ್ನು ಎಬ್ಬಿಸುವ ಪುಟ್ಟ ಸಾಫ್ಟ್‌ವೇರ್, ಹೊಸದು ಹಾಕಬೇಕು. ಪುಣ್ಯಕ್ಕೆ ನಮ್ಮ ಬೋರ್ಡಿನ ಹಿಂದೆ ಅದಕ್ಕೆಂದೇ ಒಂದು ಬಟನ್ ಇತ್ತು. ಪ್ರೊಸೆಸರ್ ಏಳದಿದ್ದರೂ ಪೆನ್‌ಡ್ರೈವ್‌ನಿಂದ ಹಾಕಬಹುದು. ಅವಳ ಲ್ಯಾಪ್‌ಟಾಪ್‌ನಲ್ಲೇ ಫೈಲ್ ಇಳಿಸಿಕೊಂಡು, ಮ್ಯಾನ್ಯುಯಲ್‌ನಲ್ಲಿದ್ದ ಹೆಸರನ್ನೇ ಅದಕ್ಕೆ ಇಟ್ಟಳು. ನನ್ನ ಹತ್ತಿರ ಇದ್ದದ್ದು 64 ಜಿಬಿ ಪೆನ್‌ಡ್ರೈವ್. ಬೇಕಾದ ಫ್ಯಾಟ್32 ಫಾರ್ಮ್ಯಾಟ್ ಅದಕ್ಕೆ ವಿಂಡೋಸ್‌ನಲ್ಲಿ ಬರಲೇ ಇಲ್ಲ. ಫೋಟೋ ಸ್ಟುಡಿಯೋದ ತಮ್ಮ ಡ್ರಾಯರ್ ತಡಕಾಡಿ ಒಂದು ಹಳೇ 8 ಜಿಬಿಯದು ಕೊಟ್ಟ. ಅದರಲ್ಲಿ ಇನ್ನೂ ಯಾರದ್ದೋ ನಾಮಕರಣದ ಫೋಟೋ ಇದ್ದವು, ಕಾಪಿ ಮಾಡಿ ಇಟ್ಟಿದ್ದೇನೆ ತಮ್ಮಾ, ಗಾಬರಿ ಬೇಡ.

ಬಯಾಸ್ ಹೋಗುತ್ತಿರುವಾಗ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು. ಮಹಡಿ ಮನೆಯವರು ತಮ್ಮ ಯುಪಿಎಸ್ ಹೊತ್ತು ತಂದು ಕೊಟ್ಟರು. ಭಾನುವಾರವೂ ಅವರಿಗೆ ಆಫೀಸ್ ಕೆಲಸ ಇತ್ತು. ಮಕ್ಕಳು ವೈರ್ ಎಡವಬಾರದು ಅಂತ ಅತ್ತೆ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತರು. ಬಯಾಸ್ ಬಟನ್ನಿನ ದೀಪ ಆರು ನಿಮಿಷ ಮಿಣುಕಿ ನಿಂತಿತು. ಆಮೇಲೆ ಪವರ್ ಒತ್ತಿದೆ. ಮತ್ತೆ ಕಪ್ಪು ಸ್ಕ್ರೀನ್. ನಾನು ಕೈ ಚಾಚಿದೆ, ಆ ಹುಡುಗಿ ಕೈ ಹಿಡಿದಳು: "ಮೊದಲ ಸಲ ಲೇಟ್ ಆಗುತ್ತೆ ಆಂಟಿ, ಸುಮ್ನಿರಿ." ಒಂದು ನಿಮಿಷದ ಮೇಲೆ ಸಿಪಿಯು ದೀಪ ಆರಿತು, ಸ್ಕ್ರೀನ್ ಮೇಲೆ ಬಿಳಿ ಅಕ್ಷರ ಬಂತು. ಅತ್ತೆ ಕುರ್ಚಿಯಿಂದಲೇ "ಬಂತಾ?" ಅಂದರು.

ಹಳೇ ಹಾರ್ಡ್ ಡಿಸ್ಕ್ ಹಾಕಿದೆ. ಹನ್ನೊಂದು ವರ್ಷದ ಕಾರ್ಡುಗಳು, ನುಡಿಯಲ್ಲಿ ಟೈಪ್ ಮಾಡಿದ ಅಷ್ಟೂ ಫೈಲು ಹಾಗೇ ಇವೆ. ಕಾರ್ಡಿಗೆ ಕಾದು, ಒಂದು ಬಿರುಸು ಮಾತೂ ಆಡದೆ "ನಿಧಾನಕ್ಕೆ ಮಾಡಮ್ಮ" ಅಂದ ಮದುವೆ ಹುಡುಗಿಯ ಅಪ್ಪನಿಗೆ ಎರಡು ಕೈ ಮುಗಿದೆ. ಅವರ ಕಾರ್ಡೇ ಮೊದಲ ಕೆಲಸ.

ನಿನ್ನೆ ಆ ಫೈಲ್ ಪ್ರೆಸ್‌ಗೆ ಕೊಡಲು ಹೋದಾಗ ಗಡಿಯಾರದ ಅಂಗಡಿಗೂ ಹೋದೆ, ಬಿಸಿ ಮೆಣಸಿನಕಾಯಿ, ಮಂಡಕ್ಕಿ ಕಟ್ಟಿಸಿಕೊಂಡು. ಕಣ್ಣಿನ ಲೆನ್ಸ್ ತೆಗೆಯದೆ "ಹೆಂಗೈತಿ ನಮ್ ಚಿಪ್ಪು?" ಅಂದರು. ಓಡ್ತಿದೆ ಅಂದೆ. ಪೊಟ್ಟಣ ಮೂಸಿ ನೋಡಿ, ಎಣ್ಣೆ ಕೈಯಲ್ಲಿ ವಾಚ್ ಮುಟ್ಟೋ ಹಂಗಿಲ್ಲ ಅಂತ ಸಂಜೆಗೆ ಎತ್ತಿಟ್ಟರು.