ಗೋಡೆಗೆ ನಾಲ್ಕು ಸಾಲು ಬರೆಯುವ ಹುಡುಗಿಗೆ

ಪ್ರೀತಿಯ ಮಗಳೇ,

ನೀನು ಕಳಿಸಿದ ಟಿಪ್ಪಣಿಗಳನ್ನೆಲ್ಲ ಓದಿದೆ. ಬೆಂಗಳೂರಿನ ಹೆಣ್ಣುಮಕ್ಕಳ ಚಿತ್ರಗಳು ಗೋಡೆ ಏರುತ್ತಿವೆ, ಪಕ್ಕದಲ್ಲಿ ನಾಲ್ಕು ಸಾಲು ಬರೆಯುವ ಕೆಲಸ ನಿನಗೆ ಸಿಕ್ಕಿದೆ ಅಂದರೆ ಖುಷಿಯೇ. ಆದರೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹೆಸರುಗಳನ್ನು ಅದಲುಬದಲು ಮಾಡಿದರೂ ನಿನ್ನ ಟಿಪ್ಪಣಿಗಳು ಹಾಗೇ ನಡೆಯುತ್ತವೆ. ಎಲ್ಲರೂ 'ದಿಟ್ಟ ಮಹಿಳೆ', ಎಲ್ಲರೂ 'ಸ್ಫೂರ್ತಿಯ ಚಿಲುಮೆ'. ಇದು ಸನ್ಮಾನ ಪತ್ರದ ಭಾಷೆ. ಶಾಲು, ಹಾರ, ಹಣ್ಣಿನ ಬುಟ್ಟಿ ಮಾತ್ರ ಬಾಕಿ.

ಕಮಲಾ ಸೊಹೋನಿಯವರನ್ನೇ ತಗೋ. 'ವಿಜ್ಞಾನ ಕ್ಷೇತ್ರದಲ್ಲಿ ಅಪ್ರತಿಮ ಸಾಧನೆಗೈದವರು' ಅಂತ ಬರೆದಿದ್ದೀಯ. ನಡೆದದ್ದೇನು? 1933ರಲ್ಲಿ ಬಾಂಬೆಯಿಂದ ಬಂದ ಈ ಹುಡುಗಿಗೆ, ಆಗಿನ್ನೂ ಕಮಲಾ ಭಾಗವತ್, ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ, ಸೀಟು ಕೊಡಲಿಲ್ಲ. ಮಾರ್ಕ್ಸ್ ಕಮ್ಮಿ ಅಂತಲ್ಲ, ಹೆಂಗಸು ಅಂತ. ಬೇಡ ಅಂದವರು ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್. ಆಕೆ ಪಟ್ಟು ಬಿಡದೆ ಕೂತು ಸೇರಿದರು, ಅದೂ ಷರತ್ತಿನ ಮೇಲೆ: ಮೊದಲ ವರ್ಷದ ಕೆಲಸ ನೋಡಿ, ಸರಿಯೆನಿಸಿದರೆ ಮಾತ್ರ ಲೆಕ್ಕಕ್ಕೆ. ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿದರು, 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದರು. ರಾಮನ್ ಹೆಸರು ಯಾಕೆ, ಸುಮ್ನೆ ವಿವಾದ ಆಗುತ್ತೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಒಪ್ಪಬೇಡ. ಅವರು ದೊಡ್ಡ ವಿಜ್ಞಾನಿ, ಹೀಗೂ ಮಾಡಿದರು. ಎರಡೂ ನಿಜ, ಗೋಡೆ ಎರಡನ್ನೂ ತಾಳಿಕೊಳ್ಳುತ್ತದೆ.

ನಾನಾದರೆ ಹೀಗೆ ಬರೆಯುತ್ತಿದ್ದೆ: '1933. ಹೆಂಗಸು ಅಂತ ರಾಮನ್ ಸೀಟು ಕೊಡಲಿಲ್ಲ. ಕಮಲಾ ಜಾಗ ಬಿಟ್ಟು ಕದಲಲಿಲ್ಲ. ಒಂದು ವರ್ಷ ನೋಡೋಣ ಅಂದರು. ನೋಡಿದರು. ಆಮೇಲೆ ಬೇರೆ ಹುಡುಗಿಯರಿಗೂ ಸೀಟು ಸಿಕ್ಕಿತು.' ಅಷ್ಟೇ. ಸಿಗ್ನಲ್‌ನಲ್ಲಿ ನಿಂತ ಬೈಕಿನವನು ಹಸಿರು ಬೀಳುವಷ್ಟರಲ್ಲಿ ಓದಿ ಮುಗಿಸಬೇಕು.

ಬೆಂಗಳೂರು ನಾಗರತ್ನಮ್ಮನ ವಿಷಯಕ್ಕೆ ಬಂದರೆ ನೀನು ಹೆದರಿಕೊಂಡಿದ್ದೀಯ ಅನಿಸಿತು. 'ಸಂಗೀತ ವಿದುಷಿ' ಅಂದು ಮುಗಿಸಿಬಿಟ್ಟಿದ್ದೀಯಲ್ಲ! ದೇವದಾಸಿ ಮನೆತನದಿಂದ ಬಂದ ಆಕೆ, ಮುದ್ದುಪಳನಿ ಎಂಬ ಹಳೆಯ ಕವಯಿತ್ರಿಯ ಶೃಂಗಾರದ ತೆಲುಗು ಕಾವ್ಯವನ್ನು, ಹಿಂದಿನವರು ಕತ್ತರಿಸಿ ಎಸೆದ ಪದ್ಯಗಳನ್ನೂ ಸೇರಿಸಿ, 1910ರಲ್ಲಿ ಅಚ್ಚು ಹಾಕಿಸಿದರು. ಅಶ್ಲೀಲ ಅಂತ ಬ್ರಿಟಿಷ್ ಸರ್ಕಾರ ನಿಷೇಧಿಸಿತು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ದುಡ್ಡಿನಲ್ಲಿ ಗುಡಿ ಕಟ್ಟಿಸಿದರು, ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿಲ್ಲ ಎಂಬುದನ್ನೂ ಮುರಿದರು. ಕಲಾವಿದರು ಆಕೆಯ ಕೈಗೆ ವೀಣೆ ಕೊಡಲು ಹೊರಟರೆ, ಪುಸ್ತಕ ಕೊಡಿ ಅಂತ ಹೇಳು.

ಜಾಗದ ಬಗ್ಗೆಯೂ ತಕರಾರು ತೆಗೆ, ಅದು ಬರಹಗಾರರ ಕೆಲಸವಲ್ಲ ಅಂತ ಬಾಯಿ ಮುಚ್ಚಿಸಿದರೂ. ಕಲ್ಯಾಣಮ್ಮನವರ ಚಿತ್ರ ಯಾವುದೋ ಫ್ಲೈಓವರ್ ಕಂಬಕ್ಕೆ ಯಾಕೆ? ಚಾಮರಾಜಪೇಟೆಯ ಕಡೆ ಬಸ್ಸಿನಲ್ಲಿ ದಿನಾ 'ಮಕ್ಕಳ ಕೂಟ' ಅಂತ ಟಿಕೆಟ್ ತಗೊಳ್ಳುವವರಲ್ಲಿ ಎಷ್ಟು ಜನಕ್ಕೆ ಗೊತ್ತು, ಆ ಕೂಟವನ್ನು 1938ರಲ್ಲಿ ಕಟ್ಟಿದ್ದು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, 'ಸರಸ್ವತಿ' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಈ ಹೆಂಗಸು ಅಂತ? ಚಿತ್ರ ಅಲ್ಲೇ ಬರಲಿ.

ಇನ್ನೊಂದು. ಗಂಡಸರು ಉಚ್ಚೆ ಹೊಯ್ಯದಿರಲಿ ಅಂತ ಗೋಡೆಗೆ ದೇವರ ಟೈಲ್ಸ್ ಅಂಟಿಸುತ್ತಾರಲ್ಲ, ಆ ಕೆಲಸಕ್ಕೆ ನಮ್ಮ ಹೆಂಗಸರನ್ನು ನಿಲ್ಲಿಸುವ ಗೋಡೆ ಕೊಟ್ಟರೆ ಖಂಡಿತ ಬೇಡ ಅನ್ನು.

ಬದುಕಿರುವವರನ್ನು ಬರೆಯುವಾಗ ಅವರನ್ನೇ ಕೇಳು. ಬೆಂಗಳೂರಿನಲ್ಲೇ 2016ರಲ್ಲಿ ಶುರುವಾದ ಅರವಾಣಿ ಆರ್ಟ್ ಪ್ರಾಜೆಕ್ಟ್ ನೋಡಿದ್ದೀಯಲ್ವಾ? ಟ್ರಾನ್ಸ್ ಮಹಿಳೆಯರು ತಾವೇ ಬ್ರಷ್ ಹಿಡಿದು ಬಣ್ಣ ಬಳಿಯುತ್ತಾರೆ, ತಮ್ಮನ್ನು ಹೇಗೆ ತೋರಿಸಬೇಕು ಅಂತ ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ. ನಿನ್ನ ಪಟ್ಟಿಯಲ್ಲಿರುವ ಪೌರಕಾರ್ಮಿಕ ಅಮ್ಮನಿಗೂ ಮೊದಲು ಓದಿ ಹೇಳು, ಬೇಡ ಅಂದ ಸಾಲನ್ನು ಕಿತ್ತು ಹಾಕು. ಪೊರಕೆ ಬೇಡ, ಒಳ್ಳೆ ಸೀರೆ ಉಟ್ಟು ನಿಂತ ಫೋಟೋನೇ ಬರೆಯಿರಿ ಅಂದರೆ ಅದೇ ಸರಿ.

ತಿದ್ದಿದ್ದನ್ನು ಪೇಂಟಿಂಗ್ ಶುರುವಾಗುವ ಮೊದಲೇ ವಾಟ್ಸಾಪ್ ಮಾಡು, ಕಾಗುಣಿತ ನಾನೂ ಒಮ್ಮೆ ನೋಡುತ್ತೇನೆ. 'ನಾಗರತ್ನಮ್ಮ'ದಲ್ಲಿ ಒಂದು ಒತ್ತು ಬಿಟ್ಟಿದ್ದೀಯ.