ನಿನ್ನ ಓಟದ ಲೆಕ್ಕ, ನನ್ನ ವಿಡಿಯೊ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಎರಡು ಫುಟ್‌ಬಾಲ್ ಪಂದ್ಯದ ವಿಡಿಯೊ ವಿಶ್ಲೇಷಣೆಯ ಕೆಲಸ ಒಟ್ಟಿಗೆ ಬಂದುಬಿಟ್ಟಿತು. ಅಲ್ಲದೆ ನೀನು ಬರೆದ ವಿಷಯ ಸುಮ್ನೆ ಎರಡು ಸಾಲಿನಲ್ಲಿ ಮುಗಿಸುವಂಥದ್ದಲ್ಲ.

ಕೋಚ್ ಅರ್ಧ ಗಂಟೆ ಎಲ್ಲರನ್ನೂ ಮೈದಾನದಲ್ಲಿ ನಿಲ್ಲಿಸಿ, ನೀನು ಇಲ್ಲಿ ನೀನು ಅಲ್ಲಿ ಎಂದು ಹೇಳಿಕೊಡುತ್ತಾರೆ, ಅಷ್ಟರಲ್ಲಿ ಬೆವರು ಆರಿ ಮೈ ತಣ್ಣಗಾಗಿರುತ್ತದೆ, ಫಿಟ್‌ನೆಸ್ ನೋಡಿಕೊಳ್ಳುವ ನಿನಗೆ ಉಳಿಯುವುದು ಇಪ್ಪತ್ತೇ ನಿಮಿಷ ಎಂದು ಬರೆದಿದ್ದೀಯ. 70ನೇ ನಿಮಿಷದ ಮೇಲೆ ತಂಡ ಕುಸಿದರೆ ಮಾತ್ರ ಎಲ್ಲರೂ ನಿನ್ನ ಕಡೆ ನೋಡುತ್ತಾರೆ. ಕೊನೆಗೆ ಒಂದು ಸಾಲು: "ಕಾಲೇ ಇಲ್ಲದ ಮೇಲೆ ತಲೆ ಇಟ್ಟುಕೊಂಡು ಏನು ಮಾಡ್ತಾರೆ?"

ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಾಲನ್ನು ನಾನು ಒಪ್ಪುವುದಿಲ್ಲ. ಕಾಲು ಬೇರೆ, ತಲೆ ಬೇರೆ ಎಂದು ಮಾಡಿದ್ದು ನಮ್ಮಂಥವರು. ನಿನ್ನ ಲ್ಯಾಪ್‌ಟಾಪ್‌ನಲ್ಲಿ ಆಟಗಾರರ ಓಟ ಅಳೆಯುವ ಜಿಪಿಎಸ್ ಅಂಕಿ ಇದೆ, ನನ್ನದರಲ್ಲಿ ವಿಡಿಯೊ ಇದೆ. ಆಟಗಾರನಿಗೆ ಎರಡೂ ಒಂದೇ ಮೈಯಲ್ಲಿ, ಒಂದೇ ಕ್ಷಣದಲ್ಲಿ ನಡೆಯುತ್ತವೆ.

ನಾವಿಬ್ಬರೂ ಒಂದೇ ತಂಡದಲ್ಲಿ ಆಡಿದ ಆ ಸೆಮಿಫೈನಲ್ ನೆನಪಿದೆಯಾ? ನಾನು ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್, ನೀನು ನನ್ನ ಮುಂದೆ ಅದೇ ಬದಿಯ ವಿಂಗ್‌ನಲ್ಲಿ. ಮುಗಿಯಲು ಹತ್ತು ನಿಮಿಷ ಇರುವಾಗ ನನ್ನ ಬೆನ್ನ ಹಿಂದಿನಿಂದ ಒಬ್ಬ ನುಗ್ಗಿ ಗೋಲ್ ಹೊಡೆದ. ನನಗೆ ಉಸಿರು ಸಾಲಲಿಲ್ಲ ಎಂದು ಎಲ್ಲರೂ ಅಂದರು. ನಾನೂ ವರ್ಷಗಟ್ಟಲೆ ಹಾಗೇ ನಂಬಿದ್ದೆ. ಆದರೆ ಗೋಲ್ ಆದ ಮೇಲೂ ನಾನು ಓಡಿದೆನಲ್ಲ, ಕೊನೆಯ ಸೀಟಿಯವರೆಗೂ ಓಡಿದೆ. ಅಂದು ಮೊದಲು ನಿಂತದ್ದು ಕಾಲಲ್ಲ, ಕತ್ತು. ಮೊದಲಾರ್ಧದಲ್ಲಿ ಎರಡು ಮೂರು ಸೆಕೆಂಡಿಗೊಮ್ಮೆ ತಿರುಗಿ ಹಿಂದೆ ಯಾರಿದ್ದಾರೆ ಎಂದು ನೋಡುತ್ತಿದ್ದೆ. ಸುಸ್ತಾದ ಮೇಲೆ ಚೆಂಡನ್ನೇ ನೋಡುತ್ತ ನಿಂತುಬಿಟ್ಟೆ. ಅವನು ನನ್ನನ್ನು ಓಟದಲ್ಲಿ ಸೋಲಿಸಲಿಲ್ಲ. ಅವನು ಹೊರಟದ್ದೇ ನನಗೆ ಗೊತ್ತಾಗಲಿಲ್ಲ.

ಈಗ ದಿನವೂ ಇದನ್ನೇ ವಿಡಿಯೊದಲ್ಲಿ ನೋಡುತ್ತಿದ್ದೇನೆ. ಸುಸ್ತು ಮೊದಲು ಕಾಣುವುದು ಆಟಗಾರನ ವೇಗದಲ್ಲಿ ಅಲ್ಲ. ತಿರುಗಿ ನೋಡುವುದು ಕಡಿಮೆಯಾಗುತ್ತದೆ. ಪಕ್ಕದವನ ಜತೆ ಸಾಲು ಸರಿ ಮಾಡಿಕೊಳ್ಳುವುದು ನಿಲ್ಲುತ್ತದೆ. ಕೂಗಿ ಹೇಳುವುದು ನಿಲ್ಲುತ್ತದೆ. ಅಂದರೆ ನೀನು ಕೊಡುವ ಸ್ಟ್ಯಾಮಿನಾ ಬರೀ ಕಾಲಿಗೆ ಹೋಗುವುದಿಲ್ಲ, ಕೋಚ್ ಹೇಳಿದ್ದು ತಲೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದಕ್ಕೂ ಹೋಗುತ್ತದೆ. ಇದನ್ನು ನಿನ್ನ ಕೋಚ್‌ಗೆ ಇದೇ ಮಾತಿನಲ್ಲಿ ಹೇಳು.

ಇದರ ಇನ್ನೊಂದು ಮಗ್ಗುಲು ನಿನಗೆ ಅಷ್ಟು ಹಿಡಿಸದಿರಬಹುದು. ಹೋದ ತಿಂಗಳು ನಮ್ಮ ರೈಟ್ ಬ್ಯಾಕ್‌ನ ಓಟದ ಅಂಕಿ ತಂಡದಲ್ಲೇ ಜಾಸ್ತಿ ಬಂದಿತ್ತು. ಒಂಬತ್ತು ದೊಡ್ಡ ಸ್ಪ್ರಿಂಟ್, ಅಂದರೆ ಪೂರ್ತಿ ವೇಗದ ಓಟ. ಎಲ್ಲರೂ ಬೆನ್ನು ತಟ್ಟಿದರು. ನಾನು ಆ ಒಂಬತ್ತನ್ನೂ ವಿಡಿಯೊದಲ್ಲಿ ಹುಡುಕಿ ಕತ್ತರಿಸಿ ಒಂದರ ಪಕ್ಕ ಒಂದು ಇಟ್ಟೆ. ಆರು ಸಲ ಅವನು ತನ್ನ ಗೋಲ್ ಕಡೆಗೇ ಓಡುತ್ತಿದ್ದ. ಆರೂ ಸಲ ಚೆಂಡು ಕೈತಪ್ಪುವ ಹೊತ್ತಿಗೆ ಅವನು ಇರಬೇಕಾದ ಜಾಗಕ್ಕಿಂತ ನಾಲ್ಕೈದು ಹೆಜ್ಜೆ ಮುಂದೆ ಇದ್ದ. ಆ ನಾಲ್ಕೈದು ಹೆಜ್ಜೆ ತೀರಿಸಲು ನಲವತ್ತು ಮೀಟರ್ ಓಡಿದ. ಹುಡುಗ ಪ್ರಾಣ ಕೊಟ್ಟು ಓಡಿದ್ದು ನಿಜ. ಆದರೆ ನಾವು ಮೆಚ್ಚಿದ ಅಂಕಿ ಅವನ ತಪ್ಪಿನ ಲೆಕ್ಕವೂ ಆಗಿತ್ತು.

ವೃತ್ತಿಪರ ಪಂದ್ಯದಲ್ಲಿ ಮಿಡ್‌ಫೀಲ್ಡರ್ ಒಬ್ಬ 10ರಿಂದ 12 ಕಿಲೋಮೀಟರ್ ಓಡುತ್ತಾನೆ, ಇದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಅದರಲ್ಲಿ ಬಹುಪಾಲು ನಡಿಗೆ, ನಿಧಾನದ ಓಟ. ಪೂರ್ತಿ ವೇಗದ್ದು ಕೆಲವು ನೂರು ಮೀಟರ್ ಅಷ್ಟೇ. ಚೆಂಡು ಒಬ್ಬನ ಕಾಲಲ್ಲಿ ಇರುವುದಂತೂ ಎರಡು ಮೂರು ನಿಮಿಷ. ಉಳಿದ ಹೊತ್ತೆಲ್ಲ ಚೆಂಡಿಲ್ಲದೆ ಎಲ್ಲಿ ಇರಬೇಕು, ಯಾವಾಗ ಹೊರಡಬೇಕು ಅನ್ನುವುದೇ ಆಟ. ಹಾಗಿರುವಾಗ ಆ ಕೆಲವು ನೂರು ಮೀಟರ್ ಎಲ್ಲಿ ಖರ್ಚಾಯಿತು ಅನ್ನುವುದು ಎಷ್ಟು ಓಡಿದ ಅನ್ನುವುದಕ್ಕಿಂತ ದೊಡ್ಡದು, ಅಲ್ವಾ?

ನಿನ್ನ ಪತ್ರ ಓದಿದ ರಾತ್ರಿ 2022ರ ವಿಶ್ವಕಪ್ ಫೈನಲ್ ಮತ್ತೆ ಹಾಕಿಕೊಂಡು ಕೂತೆ. ಎಲ್ಲರಿಗೂ ಅರ್ಜೆಂಟೀನಾದ ಮೆಸ್ಸಿ, ಫ್ರಾನ್ಸ್‌ನ ಎಂಬಾಪೆ ನೆನಪಿರುತ್ತಾರೆ. ನಾನು ಅರ್ಜೆಂಟೀನಾದ ವಿಂಗರ್ ಡಿ ಮರಿಯಾ ಒಬ್ಬನನ್ನೇ ನೋಡಿದೆ. 34 ವರ್ಷದವನು, ಗಾಯದಿಂದ ನಾಕೌಟ್ ಪಂದ್ಯಗಳಲ್ಲಿ ಬಹುಮಟ್ಟಿಗೆ ಹೊರಗೇ ಇದ್ದವನು. ಅವನನ್ನು ಕೋಚ್ ಸ್ಕಲೋನಿ ಎಡಬದಿಯ ಗೆರೆಗೆ ಒತ್ತಿ ನಿಲ್ಲಿಸಿದರು. ಎದುರಿಗೆ ಇದ್ದದ್ದು ಫ್ರಾನ್ಸ್‌ನ ಕುಂಡೆ, ಮೂಲತಃ ಸೆಂಟರ್ ಬ್ಯಾಕ್, ಅಂದರೆ ಬದಿಯಲ್ಲಲ್ಲ, ನಡುವೆ ಆಡುವ ಡಿಫೆಂಡರ್. ಅವನಿಗೆ ನೆರವಾಗಬೇಕಾದವನು ಡೆಂಬೆಲೆ, ಹಿಂದೆ ಬಂದು ತಡೆಯುವುದು ಅವನ ಇಷ್ಟದ ಕೆಲಸವಲ್ಲ. ಚೆಂಡು ಇನ್ನೊಂದು ಬದಿಯಲ್ಲಿ ಇದ್ದಾಗಲೂ ಡಿ ಮರಿಯಾ ಗೆರೆ ಬಿಟ್ಟು ಕದಲುವುದಿಲ್ಲ. ಸುಮ್ಮನೆ ನಿಂತಿರುತ್ತಾನೆ. ನಿನ್ನ ಅಂಕಿಯಲ್ಲಿ ಆ ನಿಮಿಷಗಳು ಸೊನ್ನೆ. ಆದರೆ ಅವನು ಅಲ್ಲಿ ನಿಂತದ್ದಕ್ಕೇ ಫ್ರಾನ್ಸ್‌ನ ಬಲಬದಿ ಅಗಲವಾಗಿ ತೆರೆದುಕೊಂಡಿತು. ಡೆಂಬೆಲೆ ಅವನನ್ನು ಬೀಳಿಸಿದ, ಪೆನಾಲ್ಟಿ ಸಿಕ್ಕಿತು, 23ನೇ ನಿಮಿಷದಲ್ಲಿ ಮೆಸ್ಸಿ ಗೋಲ್ ಹೊಡೆದ.

ಆಮೇಲೆ 36ನೇ ನಿಮಿಷ. ಆ ತುಣುಕನ್ನು ಒಂದೊಂದೇ ಫ್ರೇಮ್ ಮುಂದಕ್ಕೆ ಸರಿಸಿ ನೋಡು. ಅರ್ಜೆಂಟೀನಾದ ಅರ್ಧದಲ್ಲಿ ಮೆಸ್ಸಿ ಮೆಲ್ಲಗೆ ಮುಟ್ಟಿ ಚೆಂಡನ್ನು ಮುಂದಕ್ಕೆ ಜಾರಿಸುತ್ತಾನೆ, ಅಲ್ವಾರೆಜ್ ಒಂದೇ ಸ್ಪರ್ಶದಲ್ಲಿ ಮುಂದೆ ಬಿಡುತ್ತಾನೆ, ಮ್ಯಾಕ್ ಅಲಿಸ್ಟರ್ ಓಡುತ್ತ ಬಂದು ಎಡಕ್ಕೆ ದಾಟಿಸುತ್ತಾನೆ, ಡಿ ಮರಿಯಾ ಗೋಲ್ ಹೊಡೆಯುತ್ತಾನೆ. ಮ್ಯಾಕ್ ಅಲಿಸ್ಟರ್ ಹೊರಟದ್ದು ಯಾವಾಗ ಅನ್ನುವುದನ್ನು ಗಮನಿಸು. ಚೆಂಡು ತನ್ನ ಕಡೆಗೆ ಬರುವ ಮೊದಲೇ ಕಾಲು ಕಿತ್ತಿದ್ದಾನೆ. ಅದನ್ನು ಓಟ ಅನ್ನುತ್ತೀಯಾ, ಯೋಚನೆ ಅನ್ನುತ್ತೀಯಾ? ನಾನು ಹತ್ತು ಸಲ ನೋಡಿದೆ, ಎರಡನ್ನೂ ಬೇರೆ ಮಾಡಲು ಆಗಲಿಲ್ಲ. ಮೊದಲಾರ್ಧ ಮುಗಿಯುವವರೆಗೂ ಫ್ರಾನ್ಸ್ ಗೋಲ್ ಕಡೆಗೆ ಒಂದೇ ಒಂದು ಶಾಟ್ ಹೊಡೆದಿರಲಿಲ್ಲ.

ಅದೇ ಪಂದ್ಯ ನಿನ್ನ ಪರವಾಗಿಯೂ ಸಾಕ್ಷಿ ಹೇಳುತ್ತದೆ. 41ನೇ ನಿಮಿಷದಲ್ಲೇ ಫ್ರಾನ್ಸ್‌ನ ಕೋಚ್ ದೆಶಾಂಪ್ ಜಿರೂ, ಡೆಂಬೆಲೆ ಇಬ್ಬರನ್ನೂ ಹೊರಗೆ ಕರೆದು ತುರಾಮ್, ಕೋಲೊ ಮುವಾನಿಯನ್ನು ಇಳಿಸಿದರು. 71ನೇ ನಿಮಿಷದಲ್ಲಿ ಕೋಮಾನ್, ಕಾಮವಿಂಗಾ ಬಂದರು. ಎಲ್ಲ ಹುಡುಗರೂ ವೇಗದವರು, ಕಾಲು ತಾಜಾ ಇದ್ದವರು. ಅತ್ತ 64ನೇ ನಿಮಿಷದಲ್ಲೇ ಡಿ ಮರಿಯಾ ಹೊರಗೆ ಹೋಗಿದ್ದ. 79 ನಿಮಿಷ ಅಚ್ಚುಕಟ್ಟಾಗಿ ಇದ್ದ ಅರ್ಜೆಂಟೀನಾ ನೋಡುನೋಡುತ್ತಲೇ ಹರಿದುಹೋಯಿತು. ಕೋಲೊ ಮುವಾನಿಯ ಓಟಕ್ಕೆ ಒಟಮೆಂಡಿ ಸೋತು ಪೆನಾಲ್ಟಿ ಕೊಟ್ಟ. ಎಂಬಾಪೆ ಹೊಡೆದ. ಮರುನಿಮಿಷ ಕೋಮಾನ್ ಮೆಸ್ಸಿಯಿಂದಲೇ ಚೆಂಡು ಕಿತ್ತುಕೊಂಡ, ತುರಾಮ್ ಎತ್ತಿಕೊಟ್ಟದ್ದನ್ನು ಎಂಬಾಪೆ ನೆಲಕ್ಕೆ ಬೀಳುವ ಮೊದಲೇ ಬಾರಿಸಿದ. ಎರಡು ಗೋಲ್‌ಗಳ ನಡುವೆ 97 ಸೆಕೆಂಡ್. ಅಷ್ಟು ಹೊತ್ತು ಕಟ್ಟಿದ ಯೋಜನೆ ಕಾಲು ಸೋತಾಗ ಎರಡು ನಿಮಿಷವೂ ತಾಳಲಿಲ್ಲ. ಕೊನೆಗೆ 3-3, ಅರ್ಜೆಂಟೀನಾ ಪೆನಾಲ್ಟಿಯಲ್ಲಿ ಗೆದ್ದಿತು. ಆದರೆ ನಿನ್ನ ಕೋಚ್‌ಗೆ ನೀನು ತೋರಿಸಬೇಕಾದದ್ದು ಕಪ್ ಎತ್ತಿದ್ದನ್ನಲ್ಲ, 64ರಿಂದ 81ನೇ ನಿಮಿಷದವರೆಗಿನ ಭಾಗವನ್ನು.

ಕೋಚ್ ನಿಲ್ಲಿಸಿ ಹೇಳಿಕೊಡುವುದರ ಬಗ್ಗೆ ಒಂದು ಮಾತು. ಅದು ವ್ಯರ್ಥವಲ್ಲ. ಇಟಲಿಯ ಕೋಚ್ ಅರಿಗೊ ಸಾಕಿ ಮಿಲಾನ್ ಕ್ಲಬ್‌ನಲ್ಲಿ ಚೆಂಡೇ ಇಲ್ಲದೆ ಪಂದ್ಯ ಆಡಿಸುತ್ತಿದ್ದರು. ಚೆಂಡು ಇಲ್ಲಿದೆ ಎಂದು ಹೇಳಿದರೆ ಹನ್ನೊಂದೂ ಜನ ಒಟ್ಟಿಗೆ ಆ ಕಡೆ ಸರಿಯಬೇಕು. ಮುಂದಿನವನಿಂದ ಕೊನೆಯ ಡಿಫೆಂಡರ್‌ವರೆಗೆ 25–30 ಮೀಟರ್ ಮೀರಬಾರದು. ಆಟಗಾರರು ನಂಬದಿದ್ದಾಗ ಗೋಲ್‌ಕೀಪರ್ ಮತ್ತು ನಾಲ್ವರು ಡಿಫೆಂಡರ್‌ಗಳನ್ನು ಒಂದು ಕಡೆ ನಿಲ್ಲಿಸಿ, ಗುಲಿಟ್, ವ್ಯಾನ್ ಬಾಸ್ಟೆನ್‌ರಂಥ ಗೋಲ್ ಹೊಡೆಯುವವರು ಇರುವ ಹತ್ತು ಜನರನ್ನು ಎದುರಿಗೆ ಬಿಟ್ಟರು. ಕಾಲು ಗಂಟೆ ಗೋಲ್ ಹೊಡೆಯಿರಿ ಎಂದರು. ಹತ್ತು ಜನಕ್ಕೂ ಆಗಲಿಲ್ಲ. ಡಿಫೆಂಡರ್‌ಗಳಾದ ಬರೇಸಿ, ಮಾಲ್ದಿನಿ ಅಲ್ಲಿ ಓಡಿದ್ದಕ್ಕಿಂತ ಸರಿದದ್ದೇ ಜಾಸ್ತಿ. ಆ ತಂಡ 1989, 1990 ಎರಡೂ ವರ್ಷ ಯುರೋಪಿಯನ್ ಕಪ್ ಗೆದ್ದಿತು. ನನಗೆ ಅದರಲ್ಲಿ ಇಷ್ಟವಾದದ್ದು ಇದು: ಎಲ್ಲರೂ ಹತ್ತಿರ ಹತ್ತಿರ ಇದ್ದರೆ ಚೆಂಡು ಕೈತಪ್ಪಿದ ಕೂಡಲೇ ಮುಗಿಬೀಳಲು ಐದು ಮೀಟರ್ ಓಡಿದರೆ ಸಾಕು. ದೂರ ದೂರ ಇದ್ದರೆ ಇಪ್ಪತ್ತು ಮೀಟರ್. ಹೀಗೆ ಮುಗಿಬೀಳುವ ಪ್ರೆಸ್ಸಿಂಗ್‌ಗೆ ತುಂಬ ದಮ್ಮು ಬೇಕು ಅನ್ನುತ್ತಾರೆ, ಬೇಕು ನಿಜ. ಆದರೆ ಜಾಗ ತಪ್ಪಿ ನಿಂತ ತಂಡಕ್ಕೆ ಎಷ್ಟು ದಮ್ಮು ಕೊಟ್ಟರೂ ಸಾಲದು.

ನಿಮ್ಮಲ್ಲಿ ತೊಂದರೆ ಇರುವುದು ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವುದರಲ್ಲಿ. ಅವರ ಅರ್ಧ ಗಂಟೆ, ನಿನ್ನ ಇಪ್ಪತ್ತು ನಿಮಿಷ ಎಂದು ಯಾಕೆ ಹಂಚಿಕೊಳ್ಳಬೇಕು? ಪೋರ್ಚುಗಲ್‌ನ ಪೋರ್ಟೊದಲ್ಲಿ ವಿಟರ್ ಫ್ರಾದೆ ಅನ್ನುವ ಪ್ರಾಧ್ಯಾಪಕರು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದರು. ಕೋಚ್ ಮೌರಿನ್ಯೊ ಅದೇ ದಾರಿಯಲ್ಲಿ ತಂಡ ಕಟ್ಟಿ 2004ರಲ್ಲಿ ಪೋರ್ಟೊ ಕ್ಲಬ್‌ಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು. ಅವರಲ್ಲಿ ಚೆಂಡಿಲ್ಲದ ಓಟದ ತರಬೇತಿ ಅಂತ ಬೇರೆ ಇಲ್ಲ. ಭಾನುವಾರ ಪಂದ್ಯ ಇದ್ದರೆ, ಬುಧವಾರ ಚಿಕ್ಕ ಜಾಗದಲ್ಲಿ ಕಡಿಮೆ ಜನರ ಆಟ. ನಿಲ್ಲುವುದು, ತಿರುಗುವುದು, ಮತ್ತೆ ಹೊರಡುವುದು, ತೊಡೆಗೆ ಅದೇ ಭಾರ. ಗುರುವಾರ ದೊಡ್ಡ ಮೈದಾನದಲ್ಲಿ ಇಡೀ ತಂಡ, ಉದ್ದದ ಓಟ ತಾನಾಗೇ ಬರುತ್ತದೆ. ಶುಕ್ರವಾರ ಸ್ವಲ್ಪ ಹೊತ್ತು, ಆದರೆ ತೀರಾ ವೇಗ. ಪ್ರತಿ ಆಟದಲ್ಲೂ ಕೋಚ್‌ಗೆ ಬೇಕಾದ ಒಂದು ನಿಯಮ. ಉದಾಹರಣೆಗೆ, ಚೆಂಡು ಕಳೆದುಕೊಂಡ ಐದು ಸೆಕೆಂಡಿನಲ್ಲಿ ವಾಪಸ್ ಕಿತ್ತುಕೊಂಡರೆ ಗೋಲ್‌ಗೆ ಎರಡು ಅಂಕ. ಹಾಗೆ ಮೂರು ಮೂರು ನಿಮಿಷದ ನಾಲ್ಕು ಆಟ ಆಡಿಸು, ಹುಡುಗರು ಮೊಣಕಾಲಿಗೆ ಕೈ ಊರಿ ನಿಲ್ಲುತ್ತಾರೆ. ಕೋಚ್ ಹೇಳಿಕೊಡಬೇಕಾದದ್ದನ್ನು ಆ ಬಿಡುವಿನಲ್ಲಿ ಹೇಳಲಿ. ಸುಸ್ತಾಗಿರುವಾಗ ಕೇಳಿಸಿಕೊಂಡು ಮಾಡುವುದನ್ನೇ ಅಲ್ವಾ 70ನೇ ನಿಮಿಷದಲ್ಲಿ ಮಾಡಬೇಕಾದದ್ದು?

ಒಂದನ್ನು ಮಾತ್ರ ನೀನು ಬಿಟ್ಟುಕೊಡಬೇಡ. ಚಿಕ್ಕ ಜಾಗದ ಆಟದಲ್ಲಿ ಯಾರೂ ಪೂರ್ತಿ ವೇಗಕ್ಕೆ ಹೋಗುವುದಿಲ್ಲ, ಹೋಗಲು ಜಾಗವೇ ಇರುವುದಿಲ್ಲ. ವಾರವಿಡೀ ಪೂರ್ತಿ ವೇಗ ಕಾಣದ ಕಾಲನ್ನು ಪಂದ್ಯದ ದಿನ ಏಕಾಏಕಿ ಅಷ್ಟು ವೇಗಕ್ಕೆ ಎಳೆದರೆ ತೊಡೆಯ ಹಿಂಭಾಗದ ಸ್ನಾಯು, ಆ ಹ್ಯಾಮ್‌ಸ್ಟ್ರಿಂಗ್, ಹೋಗುತ್ತದೆ. ಆ ಹತ್ತು ನಿಮಿಷದ ಸ್ಪ್ರಿಂಟ್ ನಿನ್ನದೇ ಆಗಿರಲಿ. ಮಂಡಿಯೂರಿ, ಹಿಂದಿನವನು ಕಾಲು ಹಿಡಿದುಕೊಂಡು, ಮೆಲ್ಲಗೆ ಮುಂದಕ್ಕೆ ಬಾಗುವ ಆ ನಾರ್ಡಿಕ್ ವ್ಯಾಯಾಮವನ್ನೂ ಬಿಡಬೇಡ. ಅದನ್ನು ನಿಯಮಿತವಾಗಿ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಅರ್ಧದಷ್ಟು ಕಡಿಮೆಯಾದದ್ದನ್ನು ಅಧ್ಯಯನಗಳು ತೋರಿಸಿವೆ. ಹುಡುಗರು ಅದನ್ನು ಕಂಡರೆ ಮುಖ ಸಿಂಡರಿಸುತ್ತಾರೆ, ನನಗೂ ಗೊತ್ತು. ಸ್ಪ್ರಿಂಟನ್ನೂ ಸುಮ್ನೆ ಕೋನ್‌ನಿಂದ ಕೋನ್‌ಗೆ ಓಡಿಸುವ ಬದಲು ವಿಂಗರ್‌ಗೆ ಗೆರೆಯ ಗುಂಟ, ಸ್ಟ್ರೈಕರ್‌ಗೆ ಇಬ್ಬರು ಡಿಫೆಂಡರ್‌ಗಳ ನಡುವಿನಿಂದ ಓಡಿಸು. ಅವರು ಪಂದ್ಯದಲ್ಲಿ ಓಡುವ ದಾರಿಯಲ್ಲೇ ಓಡಲಿ.

ಈಗ ಒಂದು ಕೆಲಸ ಮಾಡು. ನಿಮ್ಮ ಕಳೆದ ಮೂರು ಪಂದ್ಯಗಳ ಜಿಪಿಎಸ್ ಫೈಲ್ ಕಳಿಸು, ಬರೀ 65ನೇ ನಿಮಿಷದಿಂದ ಕೊನೆಯವರೆಗಿನದು ಸಾಕು. ಕ್ಲಬ್‌ನಲ್ಲಿ ಕೇಳಿಯೇ ಕಳಿಸು, ಕದ್ದು ಬೇಡ. ವಿಡಿಯೊ ಜತೆ ಗಡಿಯಾರ ಹೊಂದಿಸಿ, ಪ್ರತಿ ಸ್ಪ್ರಿಂಟ್‌ಗೂ ಅದರ ಹಿಂದಿನ ಐದು ಸೆಕೆಂಡ್ ಸೇರಿಸಿ ಕತ್ತರಿಸಿ ಕೊಡುತ್ತೇನೆ. ಮುಂದಕ್ಕೆ ಓಡಿದ್ದೆಷ್ಟು, ತಪ್ಪು ತೀರಿಸಲು ಹಿಂದಕ್ಕೆ ಓಡಿದ್ದೆಷ್ಟು ಎಂದು ಬೇರೆ ಬೇರೆ ಕಾಣುತ್ತದೆ. ಅದನ್ನು ನೀನೊಬ್ಬನೇ ನೋಡಬೇಡ. ಕೋಚ್ ಪಕ್ಕದಲ್ಲಿ ಕುಳಿತು ಇಬ್ಬರೂ ನೋಡಿ. ರೈಟ್ ಬ್ಯಾಕ್‌ನಿಂದ ಶುರು ಮಾಡುತ್ತೇನೆ. ಅವನು ಎಷ್ಟು ಸಲ ತಿರುಗಿ ನೋಡಿದ ಅನ್ನುವುದನ್ನೂ ಎಣಿಸಿ ಬರೆಯುತ್ತೇನೆ.

ನಿನ್ನ ಗೆಳೆಯ