ಕಪ್ಪು ಟಗರಿಗಿಂತ ಮೊದಲು: ಯುವ ಕಥೆಗಾರ್ತಿಗೊಂದು ಪತ್ರ

ಪ್ರಿಯ ತಂಗಿ,

ನಿನ್ನ ಕರಡು ಓದಿದೆ. ಇಂಗ್ಲೆಂಡಿನ ಬರ್ಕ್‌ಷೈರಿನ ಎನ್‌ಬೋರ್ನ್ ಮ್ಯಾನರ್‌ನಲ್ಲಿ (ಧಣಿಯೊಬ್ಬನ ಜಹಗೀರಿನಲ್ಲಿ) ವಿಧವೆಯೊಬ್ಬಳು ಕಪ್ಪು ಟಗರಿನ ಮೇಲೆ ಹಿಂದುಮುಂದಾಗಿ ಕೂತು, ಬಾಲ ಹಿಡಿದುಕೊಂಡು ಧಣಿಯ ಕೋರ್ಟಿಗೆ ಬರುತ್ತಾಳೆ. ತನ್ನ ತಪ್ಪೊಪ್ಪಿಕೊಳ್ಳುವ ಪದ್ಯ ಹೇಳಿ, ಹೋದ ಜಮೀನನ್ನು ಬಿಡಿಸಿಕೊಳ್ಳುತ್ತಾಳೆ. ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಆದರೆ ಆ ಜಮೀನು ಎಷ್ಟು, ಅವಳ ಕೈಗೆ ಹೇಗೆ ಬಂತು, ಯಾಕೆ ತಪ್ಪಿತು ಎಂಬುದೇ ಕಥೆಯಲ್ಲಿಲ್ಲ. ಹೀಗೇ ಬಿಟ್ಟರೆ ಓದುಗರು ನಕ್ಕು ಪುಟ ತಿರುಗಿಸುತ್ತಾರೆ. ಅವಳ ಹೊಟ್ಟೆಪಾಡು ಯಾರಿಗೂ ತಟ್ಟುವುದಿಲ್ಲ.

ಮೊದಲು ಕಾಲ ಸರಿಮಾಡು. 1350, ಪ್ಲೇಗ್ ಕಳೆದ ಮರುವರ್ಷ ಎಂದು ಬರೆದಿದ್ದೀಯ. ಟಗರಿನ ಈ ಪದ್ಧತಿಯನ್ನು ನಾವು ಓದುವುದು 17ನೇ ಶತಮಾನದಲ್ಲಿ ಅಚ್ಚಾದ ಬರಹಗಳಲ್ಲಿ. ಕಾಪಿಹೋಲ್ಡ್, ಅಂದರೆ ಧಣಿಯ ಕೋರ್ಟಿನ ಕಡತದ ನಕಲನ್ನೇ ಹಕ್ಕುಪತ್ರವಾಗಿ ಪಡೆದ ಹಿಡುವಳಿ, ಬಲಿತದ್ದೂ ಪ್ಲೇಗಿನ ಎಷ್ಟೋ ಕಾಲದ ನಂತರ. ಆಳುಗಳ ಅಭಾವದಿಂದ, ವಾರಕ್ಕೆ ಎರಡು ಮೂರು ದಿನ ಧಣಿಯ ಹೊಲದಲ್ಲಿ ಮಾಡುತ್ತಿದ್ದ ಬಿಟ್ಟಿ ಚಾಕರಿ ನಿಧಾನಕ್ಕೆ ಹಣದ ಗೇಣಿಯಾಗಿ ಬದಲಾದ ಮೇಲೆ. ಕಥೆಯನ್ನು 1600ರಿಂದೀಚೆಗೆ ತಂದುಬಿಡು, ಎರಡೂ ತೊಡಕು ತೀರುತ್ತವೆ.

ಇನ್ನು ಕೋರ್ಟು. ನೀನು ಧಣಿಯನ್ನೇ ಪೀಠದಲ್ಲಿ ಕೂರಿಸಿದ್ದೀಯ. ಸಾಮಾನ್ಯವಾಗಿ ಅಲ್ಲಿ ಕೂರುತ್ತಿದ್ದವನು ಅವನ ಸ್ಟೂವರ್ಡ್, ಅವನ ಪರವಾಗಿ ಆಡಳಿತ ನೋಡುವ ಅಧಿಕಾರಿ. ಎದುರಿಗೆ ಪ್ರಮಾಣ ಮಾಡಿದ ಪಂಚರು, ಅವರೂ ಅದೇ ಊರಿನ ಒಕ್ಕಲುಗಳು. ಒಕ್ಕಲು ಸತ್ತರೆ ಆ ಸಂಗತಿಯನ್ನು ಪಂಚರು ಕೋರ್ಟಿಗೆ ಒಪ್ಪಿಸಬೇಕು. ವಾರಸುದಾರ ಬರಲಿ ಎಂದು ಒಂದರ ಹಿಂದೊಂದು ಮೂರು ಕೋರ್ಟುಗಳಲ್ಲಿ ಕೂಗಿಸುತ್ತಾರೆ. ಯಾರೂ ಬಾರದಿದ್ದರೆ, ಬರುವ ತನಕ ಜಮೀನು ಧಣಿಯ ವಶ. ಬಂದವನು ಸ್ಟೂವರ್ಡ್ ಚಾಚಿದ ಕೋಲಿನ ತುದಿ ಹಿಡಿಯುತ್ತಾನೆ, ಪ್ರವೇಶದ ಹಣ ಕಟ್ಟುತ್ತಾನೆ, ನಿಷ್ಠೆಯ ಪ್ರಮಾಣ ಮಾಡುತ್ತಾನೆ. ಗುಮಾಸ್ತ ಅದನ್ನು ಸುರುಳಿಯ ಕಡತದಲ್ಲಿ ಬರೆದು ನಕಲು ಕೊಡುತ್ತಾನೆ. ಆ ನಕಲೇ ಅವನ ಹಕ್ಕುಪತ್ರ. ಮಾರಾಟಕ್ಕೂ ಕೋಲೇ ಬೇಕು: ಮಾರುವವನು ಅದನ್ನು ಸ್ಟೂವರ್ಡ್‌ಗೆ ಒಪ್ಪಿಸಬೇಕು, ಸ್ಟೂವರ್ಡ್ ಕೊಳ್ಳುವವನಿಗೆ ಕೊಡಬೇಕು. ನೇರ ಕೈಬದಲು ಸಲ್ಲದು. ಇದನ್ನು ನಮ್ಮ ಕರಾವಳಿಯ ಮೂಲಗೇಣಿಗೆ (ಕಾಯಂ ಗೇಣಿಗೆ) ಹೋಲಿಸುವ ಆಸೆ ಬಿಡು. ಅದು ಕರಾರಿನಿಂದ ಹುಟ್ಟಿದ್ದು, ಇದರ ಬೇರು ಜೀತದಲ್ಲಿದೆ.

ಸಾವಿನ ಮನೆಯಲ್ಲಿ ಇನ್ನೊಂದು ನಷ್ಟವಿದೆ, ಹೆರಿಯಟ್. ಸತ್ತವನ ದನಗಳಲ್ಲಿ ಒಳ್ಳೆಯದೊಂದು ಧಣಿಗೆ ಹೋಗಬೇಕು. ಉಳುಮೆಗೆ ಎರಡೇ ಎತ್ತಿರುವ ಮನೆಯಲ್ಲಿ ಒಂದು ಹೋದರೆ ಜೋಡಿ ಮುರಿಯಿತು, ಆ ವರ್ಷದ ಬಿತ್ತನೆಗೆ ಕೈಚಾಚಬೇಕು. ಎತ್ತನ್ನು ಹಗ್ಗ ಹಿಡಿದು ಕೊಟ್ಟಿಗೆಯಿಂದ ಆಚೆ ತರುವುದನ್ನು ಬರಿ. ಟಗರಿಗಿಂತ ಅದು ಹೆಚ್ಚು ಮಾತಾಡುತ್ತದೆ.

ವಿಧವೆಯ ಹಕ್ಕು ಊರೂರಿಗೂ ಬೇರೆ. ಕೆಂಟ್‌ನ ಗ್ಯಾವೆಲ್‌ಕೈಂಡ್ ಪದ್ಧತಿಯಲ್ಲಿ, ಮರುಮದುವೆಯಾಗದಿದ್ದರೆ, ಅವಳಿಗೆ ಅರ್ಧ; ಗಂಡುಮಕ್ಕಳಲ್ಲಿ ಸಮಪಾಲು. ಸಾಮರ್‌ಸೆಟ್‌ನ ಟಾಂಟನ್ ಡೀನ್‌ನಲ್ಲಿ ಮಕ್ಕಳನ್ನೂ ಮೀರಿ ಹೆಂಡತಿಯೇ ವಾರಸುದಾರಳು. ಕೆಲವೆಡೆ ಕೊನೆಯ ಮಗನಿಗೇ ಎಲ್ಲ. ಎನ್‌ಬೋರ್ನ್‌ನಲ್ಲಿ ಗಂಡನ ಕಾಪಿಹೋಲ್ಡ್ ಪೂರ್ತಿ ಅವಳದು, ಆದರೆ ಒಂಟಿಯಾಗಿ, ಶೀಲವಂತೆಯಾಗಿ ಇರುವವರೆಗೆ ಮಾತ್ರ. ಹಾಗಾದರೆ ಅವಳ ಮೇಲೆ ದೂರು ಹೇಳಿದವರು ಯಾರು? ಜಮೀನು ತಪ್ಪಿದರೆ ಲಾಭ ಯಾರಿಗೆ? ನಿನ್ನ ಕಥೆಯ ಜೀವ ಅಲ್ಲಿದೆ, ನೀನು ಅದನ್ನು ಮುಟ್ಟೇ ಇಲ್ಲ.

ಹೆಮಿಂಗ್‌ಸ್ಟನ್‌ನ ರೋಲಂಡ್‌ನನ್ನು ಊರ ಮುದುಕನ ಬಾಯಲ್ಲಿ ತಂದಿದ್ದೀಯ. ಕ್ರಿಸ್‌ಮಸ್ ದಿನ ರಾಜನೆದುರು ಒಂದು ಜಿಗಿತ, ಒಂದು ಸಿಳ್ಳೆ, ಒಂದು ಹೂಸು, ಇದೇ ಅವನ ಗೇಣಿ. ಇರಲಿ. ಆದರೆ ಮುಂದೆ ಅದು ವರ್ಷಕ್ಕೆ 26 ಷಿಲಿಂಗ್ 8 ಪೆನ್ಸ್‌ಗೆ ಬದಲಾದದ್ದನ್ನೂ ಹೇಳಿಸು. 

ನಾಲ್ಕನೇ ಭಾಗದ, ಒಕ್ಕಲಿನ ಹೊಸ ಹೆಂಡತಿಯ ಮೇಲೆ ಧಣಿಗಿತ್ತೆನ್ನುವ ‘ಮೊದಲ ರಾತ್ರಿಯ ಹಕ್ಕು’ ಪೂರ್ತಿ ತೆಗೆ. ಇಂಗ್ಲೆಂಡಿನ ಮ್ಯಾನರ್‌ಗಳಲ್ಲಿ ಅಂಥ ಹಕ್ಕಿತ್ತೆಂಬುದಕ್ಕೆ ಪುರಾವೆಯಿಲ್ಲ. ಇದ್ದದ್ದು ಮರ್ಚೆಟ್, ಜೀತದ ಒಕ್ಕಲು ಮಗಳ ಮದುವೆಗೆ ಧಣಿಗೆ ಕಟ್ಟುತ್ತಿದ್ದ ಹಣ. ಆ ಅವಮಾನವೇ ಸಾಕಷ್ಟು ದೊಡ್ಡದು, ಅದರ ಮೇಲೆ ಕಟ್ಟುಕಥೆ ಹೇರಬೇಡ.

ತಾರೀಖಿನಲ್ಲೂ ಎಚ್ಚರ. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಕಡತದ 1620ರ ಫೆಬ್ರವರಿ ನಮ್ಮ ಲೆಕ್ಕಕ್ಕೆ 1621. ಬರವಣಿಗೆಯೂ ಲ್ಯಾಟಿನ್, ಹಾಗಾಗಿ ವಿಧವೆಯ ಕೈಗೆ ಕಡತ ಕೊಟ್ಟು ಓದಿಸಬೇಡ. ಯಾರಾದರೂ ಓದಿ ಹೇಳಲಿ.

ಮುಂದಿನ ಕರಡನ್ನು ಪಂಚರು ಗಂಡನ ಸಾವನ್ನು ಒಪ್ಪಿಸುವ ದಿನದಿಂದ ಶುರುಮಾಡಿ ಕಳಿಸು. ಎಕರೆ ಎಷ್ಟು, ಗೇಣಿ ಎಷ್ಟು, ಮಗನ ವಯಸ್ಸೆಷ್ಟು, ಇವು ಮೊದಲೆರಡು ಪುಟದೊಳಗೇ ಬರಲಿ. ಟಗರನ್ನು ಕೊನೆಗೆ ನೋಡೋಣ.

ಇತಿ,
ನಿನ್ನ ಅಣ್ಣ